ಎರ್ನಾ ಬಿಟ್ಟುಹೋದ ಗಾಜಿನ ತೊಟ್ಟಿ

ಕರಗಂದಾ,
ಮಾರ್ಚ್ ೧೯೯೬

ನನ್ನ ಎರ್ನಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಜರ್ಮನಿಯ ಅಂಚೆಚೀಟಿ ಕಂಡು ಮೆಟ್ಟಿಲ ಮೇಲೇ ನಿಂತು ಒಡೆದೆ. ಒಳಗೆ ನೀನು ಬರೆದದ್ದು ನಾಲ್ಕೇ ಸಾಲು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಊಟ ಸೇರುತ್ತಿಲ್ಲ, ತಮ್ಮ ಮೀನು ಮೇಸ್ತ್ರಿಯ ಒಂದು ಫೋಟೊ ಬೇಕು ಅಂತ ದಿನಾ ಕೇಳುತ್ತಾರೆ, ಕಳಿಸಿಕೊಡು. ನಾನು ಹೇಗಿದ್ದೇನೆ ಎಂದು ನೀನು ಕೇಳಿರಲಿಲ್ಲ. ಕೇಳುವ ಹಕ್ಕನ್ನು ನಾನೇ ಕಸಿದುಕೊಂಡಿದ್ದೆನಲ್ಲ.

ಹೊಲಿಗೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪಕ್ಕಪಕ್ಕದ ಯಂತ್ರಗಳಲ್ಲಿ ಕೂತು ಗಣಿ ಕಾರ್ಮಿಕರ ಅಂಗಿ ಹೊಲಿದವರು ನಾವು. ನಿನಗೆ ಜರ್ಮನಿಗೆ ಹೊರಡುವ ಕಾಗದ ಬಂದ ಸುದ್ದಿ ನನಗೆ ಬೇರೆಯವರ ಬಾಯಿಂದ ಗೊತ್ತಾಯಿತು. ಆ ಸಿಟ್ಟಿಗೆ ಎಲ್ಲರೆದುರು ಅಂದುಬಿಟ್ಟೆ: "ಹೋಗು, ಅಲ್ಲಿ ನಿನ್ನೋರು ಕಾಯ್ತಿದಾರೆ. ನಾವ್ಯಾರು ನಿನಗೆ!" ಜರ್ಮನ್ ವಂಶದವಳಾದರೂ ಇದೇ ಊರಲ್ಲಿ ಹುಟ್ಟಿದವಳು ನೀನು. ನಿನ್ನ ಮುಖ ಬಿಳಿಚಿಕೊಂಡಿತು. ನೀನು ದಾರ ಕತ್ತರಿಸಿ ಎದ್ದು ಹೋದೆ. ಮತ್ತೆ ನಾವು ಮಾತಾಡಲೇ ಇಲ್ಲ.

ನೀವು ಹೊರಡುವ ಮುನ್ನಾದಿನ ನಿನ್ನಪ್ಪ, ನನ್ನ ರೈನ್‌ಹೋಲ್ಡ್ ಮಾಮ, ಇಬ್ಬರು ಗೆಳೆಯರ ಕೈಲಿ ತೊಟ್ಟಿ ಹೊರಿಸಿಕೊಂಡು ನಮ್ಮ ಮೂರನೆಯ ಮಹಡಿಗೆ ಬಂದರು. ಅವರೇ ಗಾಜು ಅಂಟಿಸಿ ಮಾಡಿದ ತೊಟ್ಟಿ. ಮೇಸ್ತ್ರಿ ಮತ್ತು ಅವನ ಹೆಂಡತಿ, ಆ ಎರಡು ಪಟ್ಟೆಪಟ್ಟೆ ಏಂಜಲ್ ಮೀನುಗಳು ಬಕೆಟ್ಟಿನಲ್ಲಿದ್ದವು. ಮಾಮ ನನ್ನ ತಲೆ ಸವರಿ, "ಜೌರೆಶ್, ಅವಳ ಮೇಲಿನ ಕೋಪಾನ ಮೀನಿನ ಮೇಲೆ ತೀರಿಸ್ಕೋಬೇಡ ಕಣಮ್ಮ" ಎಂದರು. ಮರುದಿನ ಬೆಳಿಗ್ಗೆ ನಿಮ್ಮ ಬಸ್ಸು ಹೊರಟ ಸದ್ದು ಕೇಳಿತು. ನಾನು ಕೆಳಗಿಳಿಯಲಿಲ್ಲ. ತೊಟ್ಟಿಯ ಮುಂದೆ ಕೂತು ಅವುಗಳಿಗೆ ತಿಂಡಿ ಹಾಕುತ್ತಿದ್ದೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಎರ್ನಾ, ಮೇಸ್ತ್ರಿ ಸತ್ತು ವರ್ಷದ ಮೇಲಾಯಿತು. ಅದಾದ ಮೇಲೂ ಮಾಮನಿಗೆ ಕಳಿಸಿದ ಎರಡು ಕಾರ್ಡುಗಳಲ್ಲಿ "ಮೀನುಗಳು ಚೆನ್ನಾಗಿವೆ" ಎಂದು ಬರೆದವಳು ನಾನು.

ಆ ಚಳಿಗಾಲ ಇಲ್ಲಿ ಮನೆ ಬೆಚ್ಚಗಿಡುವ ಕೊಳವೆಗಳಿಗೆ ಬಿಸಿನೀರು ಬರಲಿಲ್ಲ. ನಾವು ಕೋಟು ಹಾಕಿಕೊಂಡೇ ಮಲಗುತ್ತಿದ್ದೆವು. ಮೀನುಗಳಿಗೆ ಚಳಿಯಾದೀತೆಂದು ತೊಟ್ಟಿಯ ಸುತ್ತ ರಜಾಯಿ ಸುತ್ತಿ, ಕರೆಂಟು ಇರುವಷ್ಟು ಹೊತ್ತೂ ದೀಪ ಉರಿಸಿದೆ. ಮೊದಲು ಗಾಜಿನ ಮೇಲೆ ಕಂದು ಪುಡಿಯಂತೆ ಏನೋ ಕೂತಿತು. ಒರೆಸಿದರೆ ಹೋಯಿತು. ಆಮೇಲೆ ಹಸಿರು ಬಂತು. ಕೊನೆಗೆ ಎಲೆಗಳ ಅಂಚಿನಲ್ಲಿ, ಕಲ್ಲುಗಳ ಮೇಲೆ, ಕರಿ ಕೂದಲಿನಂಥ ಗೊಂಚಲು ಗೊಂಚಲು ಪಾಚಿ ಹುಟ್ಟಿತು. ಉಜ್ಜಿದರೂ ಹೋಗದು, ಕಿತ್ತರೆ ಎಲೆಯೇ ಹರಿಯುತ್ತಿತ್ತು. ಮಾಮನ ತೊಟ್ಟಿಯನ್ನು ಹಾಳುಮಾಡಿದೆನಲ್ಲ ಎಂದು ಗಾಬರಿಯಾಗಿ, ಒಂದು ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು ಗಾಜುಗಳನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆ. ನಲ್ಲಿಯ ತಣ್ಣೀರು ತುಂಬಿಸಿ ಮೀನುಗಳನ್ನು ಬಿಟ್ಟೆ. ಸಂಜೆಯೊಳಗೆ ಮೇಸ್ತ್ರಿ ಪಕ್ಕಕ್ಕೆ ವಾಲಿದ. ಅಂಗೈಯಲ್ಲಿ ಎತ್ತಿಕೊಂಡರೆ ಕಿವಿರು ಎರಡು ಸಲ ತೆರೆಯಿತು, ಅಷ್ಟೇ. ಹೆಣ್ಣು ಹೇಗೋ ಉಳಿಯಿತು.

ಮೂರು ವಾರಕ್ಕೆ ಕರಿ ಪಾಚಿ ಮತ್ತೆ ಬಂತು.

ಒಂದು ಎಲೆ ಕಿತ್ತು ಶೀಶೆಯಲ್ಲಿಟ್ಟುಕೊಂಡು ಸಂತೆಗೆ ಹೋದೆ. ಅಲ್ಲಿ ಹಕ್ಕಿ ಮಾರುವವರ ಸಾಲಿನ ತುದಿಯಲ್ಲಿ ಮೀನು ಇಟ್ಟುಕೊಂಡು ಕೂರುವ ಕೊರಿಯನ್ ಮುದುಕ ಯುಗಾಯ್ ನಿನಗೆ ನೆನಪಿರಬೇಕು. ಆತ ಪಾಚಿಯನ್ನು ಉಗುರಿನಿಂದ ಕೆರೆದು ನೋಡಿದ. ಬರಲಿಲ್ಲ. ಜೇಬಿನಿಂದ ವೋಡ್ಕಾ ತೆಗೆದು, ಮುಚ್ಚಳಕ್ಕೆ ಸುರಿದು, ಎಲೆಯನ್ನು ಅದರಲ್ಲಿ ಅದ್ದಿಟ್ಟು ಚಹಾ ಕುಡಿಯುತ್ತ ಕೂತ. ಸ್ವಲ್ಪ ಹೊತ್ತಿಗೆ ಕರಿ ಕೂದಲು ಕೆಂಪಗಾಯಿತು. "ನೋಡಿದ್ಯಾ, ಕುಡಿದ ತಕ್ಷಣ ನಮ್ಮ ಅಳಿಯನ ಹಾಗೆ ಕೆಂಪಾಗ್ತಾನೆ. ಇವನಿಗೆ ಕರಿಗಡ್ಡ ಅಂತ ಹೆಸರು. ದಿನಕ್ಕೆ ಎಷ್ಟು ಸಲ ತಿಂಡಿ ಹಾಕ್ತೀಯ?"

ಎರ್ನಾ, ಲೆಕ್ಕವಿಟ್ಟಿಲ್ಲ, ದೀಪವೂ ಸದಾ ಉರಿಯುತ್ತದೆ ಎಂದೆ. ಎಣಿಸಿದವರು ಯಾರು? ಬೆಳಿಗ್ಗೆ ಎದ್ದು ನಿಮ್ಮ ಮನೆಯ ಖಾಲಿ ಕಿಟಕಿ ಕಂಡರೆ ಒಂದು ಚಿಟಿಕೆ. ಕಾರ್ಖಾನೆಯಲ್ಲಿ ನಿನ್ನ ಯಂತ್ರದ ಮುಂದೆ ಹೊಸ ಹುಡುಗಿ ಕೂತದ್ದನ್ನು ನೋಡಿ ಬಂದ ದಿನ ಎರಡು ಚಿಟಿಕೆ. ಅಮ್ಮ ಬೌರ್ಸಾಕ್ ಹಿಟ್ಟಿನುಂಡೆಗಳನ್ನು ಕರಿದಾಗ, ನೀನಿದ್ದಿದ್ದರೆ ಬಿಸಿಬಿಸಿಯಾದದ್ದನ್ನೇ ಎತ್ತಿ ನಾಲಗೆ ಸುಟ್ಟುಕೊಳ್ಳುತ್ತಿದ್ದೆ ಅನ್ನಿಸಿ ಇನ್ನೊಂದು.

"ಮೀನಿಗೂ ಮದುವೆ ಊಟ ಬಡಿಸೋ ಜನ ನೀವು ಕಜಾಕರು!" ಎಂದು ಮುದುಕ ನಕ್ಕ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದ. "ಪಾಚಿ ತಾನಾಗಿ ಬಂದಿಲ್ಲ ಮಗಳೇ. ಮಿಕ್ಕಿದ ತಿಂಡಿ, ಹಗಲೂ ರಾತ್ರಿ ದೀಪ, ಎರಡನ್ನೂ ಕೊಟ್ಟು ನೀನೇ ಸಾಕಿದೀಯ. ಕಮ್ಮಿ ಮಾಡು, ತಾನೇ ಸೊರಗುತ್ತೆ. ಆದ್ರೆ ಅವಸರ ಮಾಡ್ಬೇಡ."

ಅವನು ಹೇಳಿದ ಹಾಗೇ ಮಾಡಿದೆ. ದೀಪ ಎಂಟು ಗಂಟೆ ಮಾತ್ರ. ತಿಂಡಿ ದಿನಕ್ಕೊಂದು ಸಲ, ಮೀನು ಅಲ್ಲೇ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬೆಚ್ಚಗಾದ ನೀರಿನಿಂದ ವಾರಕ್ಕೆ ಕಾಲು ಭಾಗ ಬದಲಾವಣೆ. ಗಡ್ಡ ಹತ್ತಿದ ಎಲೆಗಳನ್ನು ಬುಡಕ್ಕೇ ಕತ್ತರಿಸಿದೆ. ಮುದುಕ ಪುಕ್ಕಟೆ ಕೊಟ್ಟ, ಬೇಗ ಹಬ್ಬುವ ಗಿಡ ನೆಟ್ಟೆ. ಪಾಚಿಯ ಪಾಲಿನದನ್ನು ಅದು ತಿನ್ನುತ್ತದಂತೆ.

ಇದೆಲ್ಲ ಸುಲಭವೇ ಆಗಿತ್ತು. ಕೈ ಕಟ್ಟಿ ಕೂರುವುದೇ ಕಷ್ಟ. ಗೊತ್ತಿಲ್ಲದೆ ತಿಂಡಿಯ ಡಬ್ಬಿ ತೆರೆದಿರುತ್ತಿದ್ದೆ. ಒಂದು ದಿನ ಅಮ್ಮ ಅದನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಎರ್ನಾ ನೆನಪಾದ್ರೆ ಬಾ, ನನ್ನ ಜೊತೆ ಕೂತ್ಕೊಂಡು ಚಹಾ ಕುಡಿ. ಆ ಒಂಟಿ ಮೀನನ್ನೂ ಸಾಯಿಸ್ಬೇಡ." ಅದಕ್ಕೂ ಮುಂಚೆ ನಿನ್ನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವತ್ತು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.

ನಾಲ್ಕು ತಿಂಗಳಿಗೆ ಕಲ್ಲುಗಳ ಬಣ್ಣ ಮತ್ತೆ ಕಂಡಿತು.

ನಿನ್ನ ಪತ್ರ ಬಂದ ಮರುದಿನ ಮೇಸ್ತ್ರಿಯಂಥದೇ ಇನ್ನೊಂದು ಮೀನು ಹುಡುಕಿಕೊಂಡು ಯುಗಾಯ್ ಹತ್ತಿರ ಓಡಿದೆ. ಸಿಕ್ಕಿತು ಕೂಡ, ಅದೇ ಗಾತ್ರ, ಅದೇ ಪಟ್ಟೆ. ಯಾಕೆ ಬೇಕೆಂದು ಹೇಳಿದಾಗ ಅವನು ಬಲೆ ಕೆಳಗಿಟ್ಟ. "ಕೊಡ್ತೀನಿ, ನನಗೇನು. ಆದ್ರೆ ಆ ಮನುಷ್ಯ ಗುರುತು ಹಿಡೀತಾನಮ್ಮ. ನಾನಾಗಿದ್ರೆ ಹಿಡೀತಿದ್ದೆ." ಬರಿಗೈಯಲ್ಲಿ ಬಂದೆ. ಆಮೇಲೂ ಏಳು ದಿನ ಈ ಪತ್ರ ಬರೆಯುವ ಧೈರ್ಯ ಬರಲಿಲ್ಲ.

ಇದರ ಜೊತೆಗಿರುವ ಫೋಟೊದಲ್ಲಿ ತೊಟ್ಟಿ ಶುಭ್ರವಾಗಿದೆ, ಹೆಣ್ಣು ಒಂದೇ ಇದೆ. ಮಾಮನಿಗೆ ಏನು ಹೇಳಬೇಕೋ ನೀನೇ ತೀರ್ಮಾನಿಸು. ನಿಜ ಹೇಳುವುದಾದರೆ, ಕೋಪದಿಂದ ಆದದ್ದಲ್ಲ, ಏನೂ ತಿಳಿಯದೆ ಆದದ್ದು ಎಂದು ಹೇಳು. ಕಾರ್ಖಾನೆಯಲ್ಲಿ ನಾನು ಆಡಿದ ಮಾತಿಗೆ ಆ ನೆಪವೂ ಇಲ್ಲ. ನೀನು ಹೋಗಬಾರದೆಂಬ ಆಸೆಯನ್ನು ಹೇಳಲು ಬಾರದೆ ಹೋಗೆಂದು ಕಿರುಚಿದೆ. ಕ್ಷಮಿಸು.

ಕೆಳಗಿನ ಮನೆಯ ಟೆಲಿಫೋನ್ ನಂಬರನ್ನು ಫೋಟೊದ ಹಿಂದೆ ಬರೆದಿದ್ದೇನೆ. ಭಾನುವಾರ ಮಧ್ಯಾಹ್ನ ಫೋನ್ ಮಾಡಿದರೆ ಅವರು ನನ್ನನ್ನು ಕರೆಯುತ್ತಾರೆ. ಆದರೆ ಎರ್ನಾ, ಮೊದಲು ಮೀನಿನ ಬಗ್ಗೆ ಕೇಳಬೇಡ. ನಾನು ಹೇಗಿದ್ದೇನೆ ಅಂತ ಕೇಳು.

ಮಾಮ ಬೇಗ ಎದ್ದು ಓಡಾಡುವಂತಾಗಲಿ. ಆ ದೂರದ ಊರಿನಲ್ಲಿ ನಿನ್ನ ಮನೆ ಸದಾ ಬೆಚ್ಚಗಿರಲಿ.

ನಿನ್ನ ಪಕ್ಕದ ಯಂತ್ರದವಳು,
ಜೌರೆಶ್