ಬ್ರೇಕಿಗೆ ಬಿಟ್ಟ ಎಣ್ಣೆ

ನವೆಂಬರ್ 14, ಶುಕ್ರವಾರ

ತರಚಿದ ಮೊಣಕೈ ಉರಿಯುತ್ತಿದೆ. ಸಿಟ್ಟಿನ ಉರಿ ಅದಕ್ಕಿಂತ ಹೆಚ್ಚು.

ಭಾನುವಾರ ಸ್ಪರ್ಧೆ. ಕೆರೆ ಈಜಬೇಕು, ಗುಡ್ಡದಲ್ಲಿ ಸೈಕಲ್ ತುಳಿಯಬೇಕು, ಆಮೇಲೆ ಕಾಡುದಾರಿಯಲ್ಲಿ ಓಡಬೇಕು. ಇವತ್ತು ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು, ನಾನು ಪಾಠ ಹೇಳುವ ಶಾಲೆಯ ಹೊತ್ತಿಗೆ ಮರಳಿದರಾಯಿತೆಂದು ಆಡೂರಿನಾಚೆಯ ಇಳಿಜಾರಿಗೆ ಹೋದೆ. ಬ್ರೇಕ್ ಹಿಡಿದರೆ ಸೈಕಲ್ ನಿಲ್ಲಲೇ ಇಲ್ಲ. ನೇರ ಜಾಲಿಕಂಟಿಯೊಳಗೆ ಬಿದ್ದೆ.

ಮನೆಗೆ ಬಂದು ನೋಡಿದರೆ ಬ್ರೇಕಿನ ಡಿಸ್ಕ್ ತಟ್ಟೆಯ ತುಂಬ ಎಣ್ಣೆ!

“ನಾನ ಬಿಟ್ಟೇನಿ. ಬ್ರೇಕ್ ಹಿಡದಾಗೊಮ್ಮೆ ಕುಂಯ್ ಅಂತಿತ್ತು,” ಎಂದರು ಮಾವ, ನನ್ನ ಗಂಡನ ಅಪ್ಪ, ಹೆಮ್ಮೆಯಿಂದ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಎತ್ತಿನ ಚಕ್ಕಡಿಯ ಅಚ್ಚಿಗೆ ಎಣ್ಣೆ ಬಿಟ್ಟು ರೂಢಿಯಾದ ಕೈ ಅವರದು.

“ಬ್ರೇಕಿಗೆ ಯಾರರ ಎಣ್ಣಿ ಬಿಡ್ತಾರೇನ್ರಿ?” ಎಂದೆ.

“ಸೊಸಿ ಚಡ್ಡಿ ಹಾಕ್ಕೊಂಡು ಹೊಂಟ್ಲು ಅಂತ ಓಣಿ ಮಂದಿ ಎದ್ದು ನೋಡ್ತಾರವಾ. ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಸಪ್ಪಳ ಇಲ್ಲದಂಗ ಹೋಗು.”

ಹೋಗಬಹುದಂತೆ, ಆದರೆ ಯಾರಿಗೂ ಕೇಳಿಸಬಾರದಂತೆ. ನಾನೇನು ಕಳ್ಳಿಯೇ?

ತಟ್ಟೆಯನ್ನು ತಿಕ್ಕಿ ತೊಳೆದು ಹೊಸ ಬ್ರೇಕ್ ಪ್ಯಾಡ್ ಹಾಕಿದ್ದೇನೆ. ಈಗ ಮೊದಲಿಗಿಂತ ಜೋರಾಗಿ ಕಿರುಚುತ್ತಿದೆ. ಬೇರೆ ದಿನವಾಗಿದ್ದರೆ ಅದನ್ನೂ ಸರಿಮಾಡುತ್ತಿದ್ದೆ.

ನಾಳೆ ನಸುಕಿನಲ್ಲಿ ಓಣಿ ಇಳಿಯುವಾಗ, ಕೊನೆಯ ಮನೆ ದಾಟುವವರೆಗೂ ಬ್ರೇಕ್ ಹಿಡಿದುಕೊಂಡೇ ಹೋಗುತ್ತೇನೆ.