ಮೂರನೇ ಹಂತ

ಮನೆಯಿಂದ,
ಬುಧವಾರ ಮಧ್ಯಾಹ್ನ

ಮುದ್ದು ಗುಬ್ಬಿ,

ಹೇಗಿದ್ದೀಯೇ? ಭುಜದ ನೋವು ಇಳಿಯಿತೇ? ದಿನವಿಡೀ ಗಾಲಿಕುರ್ಚಿಯ ಚಕ್ರ ತಳ್ಳುವವಳಿಗೆ ಭುಜ ನೋಯದೆ ಇನ್ನೇನಾಗುತ್ತದೆ? ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೋ ಎಂದರೆ ನೀನು ಕೇಳುವವಳೇ? ಅಪ್ಪನ ಮಗಳು. ಇಲ್ಲಿ ನನಗೆ ಮಂಡಿನೋವು, ನಿಮ್ಮಪ್ಪನಿಗೆ ನಗರಸಭೆಯ ನೋವು. ಎರಡಕ್ಕೂ ಔಷಧಿ ಇಲ್ಲ.

ನಿನ್ನೆ ಇಪ್ಪತ್ತು ವರ್ಷದ ಸಮಗ್ರ ಯೋಜನೆಯ ಪರಿಶೀಲನೆ ಇತ್ತು. ನಮ್ಮ ಮನೆಯ ಕಡೆಗೆ ದಾಟಿಸುವ, ರೈಲು ಹಳಿಯ ಮೇಲಿನ ಕಾಲುಸೇತುವೆಗೆ ಇಳಿಜಾರು ದಾರಿ ಮಾಡಿಸುವುದು ಅದರಲ್ಲಿ ಮೂರನೇ ಹಂತದಲ್ಲಿದೆ. ಹಾಗೆಂದರೇನು ಎಂದು ನಿನಗೆ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಸೋರುವ ನಲ್ಲಿ ಮೂರನೇ ಹಂತ, ಅಟ್ಟ ಗುಡಿಸುವುದು ಮೂರನೇ ಹಂತ, ನನ್ನ ಹೊಸ ಕನ್ನಡಕ ಮೂರನೇ ಹಂತ. ನಿಮ್ಮಪ್ಪ ಮೆಂಬರಾದ ಮೇಲೆ 'ಆಗಲ್ಲ' ಎಂಬ ಮಾತೇ ಈ ಮನೆಯಲ್ಲಿ ಇಲ್ಲ. ಈ ಸಲ ಮಾತ್ರ ಹಟ ಹಿಡಿದಿದ್ದರು: ಇಳಿಜಾರನ್ನು ಮೊದಲನೇ ಹಂತಕ್ಕೆ ತಂದೇ ತರುತ್ತೇನೆ, ಮಗಳು ಊರಿಗೆ ಬರುತ್ತಾಳೆ ಎಂದು. ಊರು ಬಿಟ್ಟು ಹೋಗುವಾಗ ನೀನು ಅಂದಿದ್ದೆಯಲ್ಲ, "ನನ್ನನ್ನ ಮೂಟೆ ಥರ ಎತ್ಕೊಂಡು ಹೋಗೋ ಊರಿಗೆ ಮತ್ತೆ ಬರಲ್ಲ" ಎಂದು, ಆ ಮಾತು ಅವರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ನನ್ನ ಗಂಟಲಲ್ಲೂ.

ನಾನೂ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂತೆ. ಗೋಡೆ ತುಂಬ ನಕ್ಷೆ. ಗಡಿಯಾರದ ಸರ್ಕಲ್ಲಿನಲ್ಲಿ ಕಾರಂಜಿ ಬರುತ್ತದಂತೆ, ಅದು ಮೊದಲನೇ ಹಂತ. ನೀರು ಎಷ್ಟೆತ್ತರ ಚಿಮ್ಮಬೇಕು ಎಂದು ಊಟದ ಹೊತ್ತಿನವರೆಗೂ ಚರ್ಚೆ. ಪಕ್ಕದ ವಾರ್ಡಿನ ಮೆಂಬರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಕೈ ಎತ್ತಿ ಎಂದಾಗ ಮಾತ್ರ ಸರಿಯಾಗಿ ಎಚ್ಚರವಾಗುತ್ತಿತ್ತು, ಅದೂ ಒಂದು ವಿದ್ಯೆ. ಕೊನೆಗೆ ನಿಮ್ಮಪ್ಪನ ಸರದಿ. ಅಧ್ಯಕ್ಷರು ಕೆಟ್ಟವರಲ್ಲ, ಸುಸ್ತಾಗಿದ್ದರು. "ಸ್ವಾಮಿ, ಗಾಲಿಕುರ್ಚಿಯವರು ಆ ಸೇತುವೆ ಮೇಲೆ ಓಡಾಡಿದ್ದನ್ನ ಇಲ್ಲಿ ಯಾರೂ ನೋಡೇ ಇಲ್ವಲ್ಲ" ಎಂದರು. ಅಯ್ಯೋ ದೇವರೇ! ಮದುವೆಮನೆಯಲ್ಲೂ ಬಾಯಿ ಮುಚ್ಚದ ನಿಮ್ಮಪ್ಪ "ನನ್ನ ಮಗಳು..." ಎಂದು ಶುರುಮಾಡಿ ಅಲ್ಲೇ ನಿಂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. "ಮೆಟ್ಟಿಲು ಹತ್ತೋಕಾಗದೆ ಊರೇ ಬಿಟ್ಟು ಹೋದ್ಳು, ಇನ್ನೆಲ್ಲಿ ನೋಡ್ತೀರಿ?" ಎಂದು ಬೆಂಚಿನಿಂದಲೇ ಕೂಗಿದೆ. ಜವಾನ ಬಂದು, "ಅಮ್ಮಾ, ನೀವು ಮಾತಾಡೋ ಹಾಗಿಲ್ಲ" ಎಂದು ಪಾಪ ಮೆತ್ತಗೆ ಹೇಳಿದ. ಕೈ ಎತ್ತಿಸಿದರು. ಸೋತೆವು. ಇಳಿಜಾರು ಇದ್ದಲ್ಲೇ ಉಳಿಯಿತು, ಮುಂದಿನ ಪರಿಶೀಲನೆ ಐದು ವರ್ಷಕ್ಕಂತೆ.

ಮನೆಗೆ ಬಂದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತ ನಿಮ್ಮಪ್ಪ ಏಳಲೇ ಇಲ್ಲ. ಚಹಾ ಕೊಟ್ಟರೂ ಇಲ್ಲ, ಬೈದರೂ ಇಲ್ಲ. ನನಗೂ ಸಾಕಾಗಿ ಹೋಗಿದೆ ಮಗಳೇ. ನೀನು ಬಾ ಎಂದು ಯಾವ ಬಾಯಲ್ಲಿ ಬರೆಯಲಿ? ಅದಕ್ಕೇ ಬರೆಯುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಭುಜಕ್ಕೆ ಎಣ್ಣೆ ಹಚ್ಚು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಮ್ಮ

ತಾ.ಕ. (ಎರಡು ವಾರ ಕಳೆದ ಮೇಲೆ): ಅಂಚೆಗೆ ಹಾಕಿ ಎಂದು ಕೊಟ್ಟ ಈ ಪತ್ರ ನಿಮ್ಮಪ್ಪನ ಜೇಬಿನಲ್ಲೇ ಮೂರನೇ ಹಂತ ಸೇರಿತ್ತು. ರೇಗಿದೆ. "ಈಗಲೇ ಬೇಡ ಕಣೇ, ಸಿಮೆಂಟು ಒಣಗಲಿ" ಎಂದರು. ಬಾಗಿಲ ಮುಂದಿನ ಮೆಟ್ಟಿಲು ಒಡೆಸಿಬಿಟ್ಟಿದ್ದಾರೆ, ಗುಬ್ಬಿ! ಊರಿನ ಮೆಟ್ಟಿಲಿಗೆ ಜಗಳವಾಡಿದ ನಮಗೆ ಮನೆಯದು ಕಂಡಿರಲಿಲ್ಲ. ಗಾರೆಯವನು ಮೊದಲು ಮಾಡಿದ ಇಳಿಜಾರು ತೀರಾ ಕಡಿದಾಗಿತ್ತು. ನಿನ್ನ ಹಳೇ ಕುರ್ಚಿಯಲ್ಲಿ ಕೂತು ಪರೀಕ್ಷೆ ಮಾಡಹೋದ ನಮ್ಮನೆ ಮೆಂಬರು ಸಾಹೇಬರು ಹಿಂದಕ್ಕೆ ಉರುಳಿ ಗೇಟಿಗೆ ಬಡಿದುಕೊಂಡರು. ನನ್ನ ಹೂಕುಂಡಗಳನ್ನೆಲ್ಲ ಎತ್ತಿಸಿ, ಉದ್ದ ಮಾಡಿ ಮತ್ತೆ ಕಟ್ಟಿಸಿದೆವು. ಇವತ್ತು ಬೆಳಿಗ್ಗೆ ತಾವೇ ಚಕ್ರ ತಳ್ಳಿಕೊಂಡು ಬಾಗಿಲವರೆಗೆ ಬಂದರು, ಏದುಸಿರು ಬಿಡುತ್ತಾ "ಇಷ್ಟು ನೋಯುತ್ತೇನೇ ಅವಳ ಭುಜ?" ಎಂದು ಕೇಳಿ ಅತ್ತುಬಿಟ್ಟರು. ಸೇತುವೆ ಆದಾಗ ಆಗಲಿ. ಬಾಡಿಗೆ ಗಾಡಿಯಲ್ಲಿ ಹಳಿ ಸುತ್ತಿಕೊಂಡು ಬಾ. ಗೇಟಿನಿಂದ ಒಳಕ್ಕೆ ಯಾರೂ ನಿನ್ನನ್ನು ಎತ್ತುವುದಿಲ್ಲ.