ಜೌಗಿನವರಿಗೆ ಮಾತು ಬೇಡವಂತೆ

ಭಾನುವಾರ, ಆಗಸ್ಟ್ ೧೮

ಪ್ರೀತಿಯ ಅಕ್ಕಾ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಆದರೆ ನಾನು ಚೆನ್ನಾಗಿಲ್ಲ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ತಡವಾದದ್ದಕ್ಕೆ ಬೈದುಕೊಳ್ಳಬೇಡ. ಎರಡು ಮೂರು ಸಲ ಬರೆಯಲು ಕೂತೆ. ಪ್ರತಿ ಸಲವೂ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ನಮ್ಮ ಆಫೀಸಿನ ಯಜಮಾನರಿಗೆ ಶಾಪ ಹಾಕುತ್ತಿದ್ದೆ. ಹರಿದು ಹಾಕಿದೆ. ಇವತ್ತು ಹರಿಯುವುದಿಲ್ಲ. ಶಾಪ ಬಂದರೆ ಬರಲಿ, ನೀನು ಓದಿಕೋ.

ಭಾವನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಮೆಟ್ಟಿಲು ಹತ್ತಬೇಡಿ ಎಂದು ನಾನೂ ಹೇಳಿದೆನೆಂದು ಹೇಳು. ಕೊನೆಯಲ್ಲಿ ನೀನು ಕೇಳಿದ್ದೀಯಲ್ಲ, "ಇನ್ನೂ ಆ ಮಕ್ಕಳಾಟದ ಕೆಲಸದಲ್ಲೇ ಇದ್ದೀಯೇನೆ? ಆಟ ಅಂದ್ರೆ ಆಡೋದು, ಅದರಲ್ಲಿ ಬರೆಯೋಕೆ ಏನಿರುತ್ತೆ?" ಎಂದು. ಏನಿರುತ್ತದೆ ಎಂದು ಹೇಳುತ್ತೇನೆ ಕೇಳು. ಅದೇ ಇವತ್ತಿನ ನನ್ನ ರಾಮಾಯಣ.

ನಮ್ಮದು ಕಂಪ್ಯೂಟರಿನಲ್ಲಿ ಆಡುವ ಕಥೆಯ ಆಟ. ಆಡುವವರೇ ಕಥೆಯೊಳಗೆ ಒಬ್ಬರಾಗಿ ನಡೆದಾಡುತ್ತಾರೆ. ಒಂದು ಹಳೆಯ ಕೋಟೆಯ ಪಟ್ಟಣ, ಅದರ ಬಾವಿಗಳೆಲ್ಲ ಬತ್ತುತ್ತಿವೆ, ನೀರಿನ ಮೂಲ ಎಲ್ಲಿ ಅಡಗಿದೆ ಎಂದು ಹುಡುಕಿ ತರಬೇಕು. ಆಟ ಶುರುವಾಗುವ ಮೊದಲು ಪರದೆ ಕೇಳುತ್ತದೆ: ನಿಮ್ಮ ಕುಲ ಯಾವುದು? ನಾಲ್ಕು ಕುಲಗಳಿವೆ. ಮನುಷ್ಯರು. ಬೆಟ್ಟದ ಗುಹೆಗಳ ಕಲ್ಲುಕುಳ್ಳರು. ಕಾಡಿನ ಎಲೆಗಿವಿಯವರು. ಆಮೇಲೆ ಕೋಟೆಯ ಆಚೆ, ಜೌಗು ನೆಲದಲ್ಲಿ ಬದುಕುವ ಜೌಗಿನವರು. ಬೂದು ಮೈ, ಬೆರಳುಗಳ ನಡುವೆ ಕಪ್ಪೆಗಿರುವಂಥ ತೆಳು ಚರ್ಮ. ಆಡುವವರು ಒಂದನ್ನು ಆರಿಸಿಕೊಳ್ಳಬೇಕು.

ಇಂಥ ಆಟಗಳಲ್ಲಿ ಈ ಆಯ್ಕೆ ಹೊಸದೇನಲ್ಲ. ಆದರೆ ಬಹಳಷ್ಟು ಕಡೆ ಅದು ಬರೀ ವೇಷ. ಉದ್ದ ಕಿವಿ ಬೇಕಾ, ಗಿಡ್ಡ ಕಾಲು ಬೇಕಾ, ಅಷ್ಟೇ. ಯಾವ ಮುಖ ಹಾಕಿಕೊಂಡು ಹೋದರೂ ಅಂಗಡಿಯವನು ಅದೇ ಮಾತಾಡುತ್ತಾನೆ. ಈ ಕೆಲಸಕ್ಕೆ ಸೇರಿದ ದಿನವೇ ನಾನು ಹೇಳಿದ್ದೆ, ನಮ್ಮ ಪಟ್ಟಣಕ್ಕೆ ಕಣ್ಣಿರಬೇಕು, ಬಂದವರು ಯಾರೆಂದು ನೋಡಿ ಅದು ಮಾತಾಡಬೇಕು. ಆಗ ಎಲ್ಲರೂ ಗೋಣು ಆಡಿಸಿದರು. ಮೂರು ವರ್ಷ ನಾನು ಬರೆದದ್ದು ಅದನ್ನೇ.

ಕಲ್ಲುಕುಳ್ಳರು ಬಂದರೆ ವ್ಯಾಪಾರಿ ಅವರ ತಲೆಯ ಮೇಲಿಂದ ಹಿಂದಿನವರ ಜೊತೆ ಮಾತಾಡುತ್ತಾನೆ. ಎಲೆಗಿವಿಯವರನ್ನು ಕಂಡವರೆಲ್ಲ "ಒಂದು ಹಾಡು ಹೇಳಿ" ಎಂದು ಪೀಡಿಸುತ್ತಾರೆ, ಅವರು ಕೊರಳಲ್ಲಿ ಕಫ ಕಟ್ಟಿಕೊಂಡು ಬಂದಿದ್ದರೂ. ಜೌಗಿನವರಿಗೆ ವಸತಿಗೃಹದವಳು ಜಾಗ ಇಲ್ಲ ಎನ್ನುವುದಿಲ್ಲ. ನಗುತ್ತಾಳೆ. "ಕುದುರೆ ಲಾಯದ ಮೇಲೆ ಒಂದು ಅಟ್ಟ ಇದೆ, ನಿಮ್ಮಂಥವರಿಗೆ ಅಲ್ಲೇ ಹಾಯಾಗಿರುತ್ತೆ" ಎನ್ನುತ್ತಾಳೆ. ಆ ನಗು ಬರೆಯಲು ನನಗೆ ಕಲ್ಪನೆ ಬೇಕಾಗಲಿಲ್ಲ ಅಕ್ಕಾ. ತನ್ನಪ್ಪನ ಬಣ್ಣ, ತನ್ನಪ್ಪನ ಜನರ ಗುಂಗುರು ಕೂದಲು ಹೊತ್ತು ಹುಟ್ಟಿದ ನನ್ನ ಮಗಳ ಕೈ ಹಿಡಿದು ಹದಿಮೂರು ವರ್ಷ ಅಂಗಡಿ, ಶಾಲೆ, ಆಸ್ಪತ್ರೆ ಸುತ್ತಿದ್ದೇನೆ. "ಇವಳು ನಿಮ್ಮ ಸ್ವಂತ ಮಗಳೇನಾ? ಹೌದಾ! ಎಷ್ಟು ಮುದ್ದಾಗಿ ಮಾತಾಡ್ತಾಳೆ!" ಎಂದು ಆಶ್ಚರ್ಯಪಡುವವರನ್ನು ನೋಡಿದ್ದೇನೆ. ಬೈದವರಿಗಿಂತ ಹಾಗೆ ನಕ್ಕವರೇ ನನ್ನ ಬರವಣಿಗೆಗೆ ಹೆಚ್ಚು ಸಿಕ್ಕಿದ್ದಾರೆ.

ಬರೀ ನೋವೇ ಇಟ್ಟಿದ್ದೆ ಎಂದುಕೊಳ್ಳಬೇಡ. ಜೌಗಿನಲ್ಲಿ ಒಬ್ಬ ದೋಣಿಯಜ್ಜಿ ಇದ್ದಾಳೆ. ಬೇರೆ ಯಾರು ಹೋದರೂ ಸುಮ್ಮನೆ ಕೂಲಿಗೆ ಕೈಯೊಡ್ಡುತ್ತಾಳೆ, ಆಚೆ ದಡ ಮುಟ್ಟಿಸುತ್ತಾಳೆ, ತುಟಿ ಬಿಚ್ಚುವುದಿಲ್ಲ. ಮೂಕಿ ಎಂದುಕೊಂಡೇ ಆಟ ಮುಗಿಸಬಹುದು. ಆದರೆ ಜೌಗಿನವರಾಗಿ ಆಡುತ್ತಿದ್ದರೆ, ಪಟ್ಟಣದಲ್ಲೆಲ್ಲ ಮುಖ ಕಹಿ ಮಾಡಿಕೊಂಡು ಬಂದು ಆ ದೋಣಿಗೆ ಕಾಲಿಟ್ಟ ಕೂಡಲೇ ಅವಳು ತಿರುಗಿ, "ಬಂದ್ಯಾ ಮಗಾ? ದಣಿದಿದ್ದೀಯ, ಕೂತ್ಕೋ" ಎನ್ನುತ್ತಾಳೆ. ಕಥೆ ಪೂರ್ತಿ ಮಗುಚಿಕೊಳ್ಳುತ್ತದೆ. ಆ ಮಾತಿಗೆ ಧ್ವನಿ ಕೊಟ್ಟವರು ನಾಟಕದಲ್ಲಿ ಹಣ್ಣಾದ ಒಬ್ಬ ಹಿರಿಯ ನಟಿ. ಧ್ವನಿಮುದ್ರಣದ ಕೋಣೆಯ ಗಾಜಿನ ಈಚೆ ನಿಂತಿದ್ದ ನಾನು ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದೆ.

ಈಗ ಯಜಮಾನರ ವಿಷಯ. ಹಳಬರು ಬಿಟ್ಟುಹೋದ ಮೇಲೆ ಬಂದವರು ಇವರು. ಬಾಯಿ ತೆರೆದರೆ "ಸರಳವಾಗಿರ್ಲಿ". ನಾವು ಬೆನ್ನ ಹಿಂದೆ ಸರಳಣ್ಣ ಎನ್ನುತ್ತೇವೆ. ಹೋದ ತಿಂಗಳು ಎಲ್ಲರನ್ನೂ ಉದ್ದ ಮೇಜಿನ ಸುತ್ತ ಕೂರಿಸಿದರು. ಪರೀಕ್ಷೆಗೆ ಆಡಿದವರಲ್ಲಿ ಹೆಚ್ಚಿನವರು ಮನುಷ್ಯರನ್ನೇ ಆರಿಸಿದ್ದಾರಂತೆ. ಹಾಗಾಗಿ ಉಳಿದ ಮೂರು ಕುಲದ ಮುಖಗಳು ಇರಲಿ, ಮಾತುಗಳು ಬೇಡ. ಪಟ್ಟಣದವರು ಎಲ್ಲರ ಜೊತೆಗೂ ಒಂದೇ ಮಾತಾಡಲಿ. ಬದಲಿಗೆ ಕುಳ್ಳರಿಗೆ ಸ್ವಲ್ಪ ಹೆಚ್ಚು ಬಲ, ಎಲೆಗಿವಿಯವರಿಗೆ ಹೆಚ್ಚು ದೂರದ ದೃಷ್ಟಿ, ಜೌಗಿನವರಿಗೆ ನೀರೊಳಗೆ ಉಸಿರಾಟ. ಸರಳ.

ನಾನೆಂದೆ, "ಸರ್, ಹಾಗಾದ್ರೆ ಇದು ಕುಲ ಅಲ್ಲ, ಅಂಗಿ. ಇಷ್ಟ ಬಂದದ್ದು ತೊಟ್ಕೊಂಡು ಹೋಗೋದು. ಅದಕ್ಕೆ ಆಯ್ಕೆ ಅಂತ ಯಾಕೆ ಹೆಸರು?"

"ಮೇಡಂ, ಜನ ದುಡಿದು ಸುಸ್ತಾಗಿ ಬಂದು ಆಡ್ತಾರೆ. ದುಡ್ಡು ಕೊಟ್ಟು ಅವಮಾನ ಮಾಡಿಸ್ಕೊಳ್ತಾರಾ?"

"ದುಡ್ಡು ಕೊಡದೇನೇ ಅವಮಾನ ಆಗ್ತಿರೋರು ಇದ್ದಾರೆ ಸರ್. ಉಳಿದೋರಿಗೆ ಒಂದು ಗಂಟೆ ಗೊತ್ತಾಗ್ಲಿ."

ನನ್ನ ಪಕ್ಕದಲ್ಲೇ ಕೂತಿದ್ದಳು ನಮ್ಮ ಚಿತ್ರಗಾರ್ತಿ, ಆ ಮುಖಗಳನ್ನೆಲ್ಲ ಬರೆದವಳು. ಜೌಗಿನವರ ಬೆರಳು ಹೇಗಿರಬೇಕೆಂದು ನಾವಿಬ್ಬರೂ ಚಹಾ ಆರಿಹೋಗುವವರೆಗೆ ಜಗಳವಾಡಿದ್ದೆವು. ಅವಳು ಏನಾದರೂ ಹೇಳುತ್ತಾಳೆಂದು ನೋಡಿದೆ. ಪೆನ್ಸಿಲ್ಲಿನ ತುದಿ ನೋಡುತ್ತಾ, "ಮುಖ ಇರುತ್ತಲ್ಲ ಕಣೇ" ಎಂದಳು. ಅವಳ ಮುಖಗಳು ಉಳಿದವು, ನನ್ನ ಮಾತುಗಳು ಹೋದವು! ಮೈಯೆಲ್ಲ ಉರಿಯಿತು. ಅವತ್ತಿನಿಂದ ಅವಳ ಜೊತೆ ಚಹಾ ಬಿಟ್ಟಿದ್ದೇನೆ.

ನಾನು ಪಟ್ಟು ಬಿಡಲಿಲ್ಲ. "ತೆಗೆಯೋ ಮುಂಚೆ ನೀವೇ ಒಂದು ಸಲ ಜೌಗಿನವರಾಗಿ ಆಡಿ" ಎಂದೆ. ಮರುದಿನ ಊಟದ ಹೊತ್ತಿಗೆ ಅವರು ದೊಡ್ಡ ಪರದೆಯ ಮುಂದೆ ತೋಳು ಮಡಚಿ ಕೂತರು. ಎಲ್ಲರೂ ಡಬ್ಬಿ ಹಿಡಿದುಕೊಂಡು ಸುತ್ತ ನಿಂತೆವು. ಕೋಟೆ ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿದ. ಯಜಮಾನರು ನಕ್ಕರು. ಬೇಕರಿಯವನು ರೊಟ್ಟಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ನಗು ನಿಂತಿತು. ವಸತಿಗೃಹದವಳು ಅಟ್ಟದ ಮಾತು ತೆಗೆದಳು. ಇವರು ಹಿಂದಕ್ಕೆ ಹೋಗಿ ಮತ್ತೆ ಬಂದು ಕೇಳಿದರು, ಮತ್ತೆ ಅಟ್ಟ. ಚಿನ್ನದ ಚೀಲ ತೋರಿಸಿದರು. ಮತ್ತೆ ಅದೇ ನಗು, ಅದೇ ಅಟ್ಟ. ಅವರ ಕಿವಿ ಕೆಂಪಾಯಿತು ಅಕ್ಕಾ, ನಾನು ಕಣ್ಣಾರೆ ನೋಡಿದೆ. "ಯಾರಿವಳು? ನನ್ನನ್ನ ಏನಂದ್ಕೊಂಡಿದ್ದಾಳೆ?" ಎಂದು ಎದ್ದು ನಿಂತೇಬಿಟ್ಟರು.



"ನೋಡಿದ್ರಾ?" ಎಂದು ನನ್ನ ಕಡೆ ತಿರುಗಿದರು, "ನನಗೇ ಕೋಪ ಬಂತು. ಇದಕ್ಕೇ ನಾನು ತೆಗೀರಿ ಅಂದಿದ್ದು."

"ಕೋಪ ಬಂತಲ್ಲ ಸರ್, ಅಲ್ಲಿಗೆ ನಾನು ಬರೆದದ್ದು ಕೆಲಸ ಮಾಡ್ತು. ಇನ್ನೊಂದು ಸ್ವಲ್ಪ ಆಡಿ, ದೋಣಿ ಹತ್ತಿರ ಇದೆ."

ಆಡಲಿಲ್ಲ. ದೋಣಿಯವರೆಗೆ ಹೋಗಲೇ ಇಲ್ಲ ಪುಣ್ಯಾತ್ಮ. ಆ ವಾರವೇ ಎಲ್ಲವನ್ನೂ ತೆಗೆಸಿದರು. ತೆಗೆದದ್ದಕ್ಕಿಂತ ಉರಿಯುವುದು ಉಳಿಸಿದ್ದನ್ನು ನೋಡಿದಾಗ. ದೋಣಿಯಜ್ಜಿಯ ಮಾತು ಯಾರೋ ಅವರಿಗೆ ಕೇಳಿಸಿದ್ದಾರೆ. "ಇದು ಚೆನ್ನಾಗಿದೆ, ಎಲ್ಲರಿಗೂ ಮಗಾ ಅನ್ನಲಿ, ಖುಷಿಯಾಗುತ್ತೆ" ಎಂದರಂತೆ. ಈಗ ಯಾರು ದೋಣಿ ಹತ್ತಿದರೂ ಅವಳು ಮಗಾ ಎನ್ನುತ್ತಾಳೆ. ಚೀಲ ಬಿಚ್ಚಿಸಿಕೊಳ್ಳದವರಿಗೂ ಮಗಾ, ಅಟ್ಟ ಕಾಣದವರಿಗೂ ಮಗಾ. ಹಾದಿಹೋಕರಿಗೆಲ್ಲ ಹಂಚಿದ ಮೇಲೆ ಆ ಮಾತಿನಲ್ಲಿ ಏನು ಉಳಿಯಿತು ಹೇಳು!

ಆ ಹಿರಿಯ ನಟಿಗೆ ಫೋನಿನಲ್ಲಿ ಹೇಳಲು ಮನಸ್ಸಾಗದೆ ಮನೆಗೇ ಹೋಗಿದ್ದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ಎಲ್ಲರನ್ನೂ ಮಗಾ ಅನ್ನೋಕೆ ನನ್ನ ಯಾಕಮ್ಮ ಕರೆಸಿದ್ರಿ? ಅದನ್ನ ತರಕಾರಿಯವಳೂ ಅಂತಾಳೆ" ಎಂದರು. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದು ದುಪ್ಪಟಿ ಕೊಡವಿದರು. ನನಗೆ ಕೂತ್ಕೋ ಎನ್ನಲಿಲ್ಲ. ನನ್ನ ಮೇಲೂ ಸಿಟ್ಟಿತ್ತು ಅವರಿಗೆ, ಇರಲೇಬೇಕು.

ಮನೆಗೆ ಬಂದು ನಮ್ಮ ಮನೆಯವರ ಮುಂದೆ ಹಾರಾಡಿದೆ. ಇವರು ನಿಧಾನದ ಮನುಷ್ಯ, ನಿನಗೆ ಗೊತ್ತಲ್ಲ. ತಟ್ಟೆ ತೊಳೆಯುತ್ತಾ, "ಅವರು ಹೇಳಿದ್ದರಲ್ಲಿ ಒಂದು ಚೂರು ನಿಜ ಇದೆ. ದಿನಾ ಅದನ್ನೇ ಕೇಳೋರು ಆಟದಲ್ಲೂ ಅದನ್ನೇ ಕೇಳ್ಬೇಕಾ?" ಎಂದರು. "ನೀವೂ ಅವರ ಕಡೆಯಾ!" ಎಂದು ಕೂಗಿ ಬಾಗಿಲು ದಡಾರನೆ ಹಾಕಿಕೊಂಡೆ. ಎರಡು ದಿನ ಮಾತು ಬಿಟ್ಟೆ. ಇವರ ತಪ್ಪಿಲ್ಲ. ಆದರೆ ಮೈ ಉರಿಯುವಾಗ ತಪ್ಪಿಲ್ಲದವರೇ ಕೈಗೆ ಹತ್ತಿರ ಇರುತ್ತಾರೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಆಟದ ಕೊನೆಯಲ್ಲಿ ಬರುವ ಹೆಸರುಗಳಿಂದ ನನ್ನದನ್ನು ತೆಗೆಯಿರಿ ಎಂದು ಯಜಮಾನರ ಮುಖಕ್ಕೇ ಹೇಳಿದೆ. ಬೇಡಿಕೊಳ್ಳುತ್ತಾರೆ, ಸಮಾಧಾನ ಮಾಡುತ್ತಾರೆ ಎಂದು ಒಳಗೊಳಗೆ ಅಂದುಕೊಂಡಿದ್ದೆನೇನೋ. "ಆಯ್ತು ಬಿಡಿ, ಇನ್ನೂ ಸರಳವಾಯ್ತು" ಎಂದರು. ಕೆಲಸ ಬಿಡುತ್ತೇನೆ. ಬೇರೆ ಕಡೆ ಒಬ್ಬರು ಕರೆದಿದ್ದಾರೆ, ಚಿಕ್ಕ ಜಾಗ, ಆದರೆ ಬರೆದದ್ದನ್ನು ಓದುವವರಿದ್ದಾರೆ. ಮುಂದಿನ ಸಲ ನೀನು ಮಕ್ಕಳಾಟ ಎಂದರೆ ನಿನ್ನ ಮೇಲೂ ಬಾಗಿಲು ಹಾಕಿಕೊಳ್ಳುತ್ತೇನೆ, ನೆನಪಿರಲಿ.

ಇಷ್ಟು ಬರೆದ ಮೇಲೆ ಎದೆ ಸ್ವಲ್ಪ ಹಗುರಾಗಿದೆ. ನೀನು ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ನನ್ನ ಮನಸಾರೆ ಆಶೀರ್ವಾದ. ಓದಲಿ, ಗೆಲ್ಲಲಿ, ಎಲ್ಲಿ ಹೋದರೂ ಅವಳಿಗೆ ಬಾಗಿಲು ತೆರೆದಿರಲಿ.

ನಿನ್ನ,
ತಂಗಿ

ಮತ್ತೆ ಒಂದು ಮಾತು: ಬರೆಯಬಾರದೆಂದಿದ್ದೆ, ಲಕೋಟೆಗೆ ಅಂಟನ್ನೂ ಹಚ್ಚಿದ್ದೆ. ಮಾತುಗಳನ್ನು ತೆಗೆಯುವ ಮೊದಲು ಆಟದ ಹಳೆಯ ಪ್ರತಿಯೊಂದನ್ನು ಮನೆಗೆ ತಂದಿದ್ದೆ. ನನ್ನ ಮಗಳು ಆಡಲಿ, ದೋಣಿಯವರೆಗೆ ಹೋಗಲಿ, ಆ ಅಜ್ಜಿ ಅವಳನ್ನು ಕರೆಯುವುದನ್ನು ಕೇಳಲಿ ಎಂದು. ಅವಳಿಗಾಗಿಯೇ ತಾನೇ ನಾನು ಅದನ್ನು ಬರೆದದ್ದು. ಅವಳು ಜೌಗಿನವರ ಕಡೆ ನೋಡಲೂ ಇಲ್ಲ. ಮನುಷ್ಯರನ್ನು ಒತ್ತಿದಳು. ಆಮೇಲೆ ಮಧ್ಯಾಹ್ನವೆಲ್ಲ ಕೂತು ಮುಖ ತಿದ್ದಿದಳು. ಮೂಗು, ಗಲ್ಲ, ಬಣ್ಣ, ಉದ್ದ ನೇರ ಜಡೆ. ಮುಗಿಸಿದಾಗ ನೋಡುತ್ತೇನೆ, ನಿನ್ನ ಮಗಳು ಅಕ್ಕಾ. ಪಡಿಯಚ್ಚು. ಆ ಮುಖ ಹಾಕಿಕೊಂಡು ಕೋಟೆ ಬಾಗಿಲಿಗೆ ಹೋದಳು, ಕಾವಲುಗಾರ "ಬನ್ನಿ ಬನ್ನಿ" ಎಂದ. ಹೊರಗೆ ಬಂದು ಮತ್ತೆ ಒಳಗೆ ಹೋದಳು. ಮತ್ತೆ ಹೊರಗೆ, ಮತ್ತೆ ಒಳಗೆ. ನೀರಿನ ಮೂಲ ಹುಡುಕುವ ಗೋಜಿಗೇ ಹೋಗಲಿಲ್ಲ.

"ಜೌಗಿನವಳಾಗಿ ಆಡಲ್ವಾ ಕಂದಾ?" ಎಂದೆ.

"ಅವರ ಜೊತೆ ಹೇಗೆ ಮಾತಾಡ್ತಾರೆ ಅಂತ ನನಗೆ ಗೊತ್ತಲ್ಲಮ್ಮ. ಇದು ಗೊತ್ತಿರ್ಲಿಲ್ಲ."

ಬೇಸಿಗೆಯಲ್ಲಿ ನಿನ್ನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ಸಾಲಾಗಿ ನಿಂತ ಪ್ರತಿ ಸಲವೂ ನೀನು ಕ್ಯಾಮೆರಾ ತಂದು ಅವಳ ಕೈಗೇ ಕೊಟ್ಟೆ. "ನೀನು ಚೆನ್ನಾಗಿ ತೆಗೀತೀಯ ಮರಿ" ಎಂದೆ. ನೀನು ನಕ್ಕೇ ಹೇಳಿದೆ. ನೀನು ಆಮೇಲೆ ಕಳಿಸಿದ ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ನನ್ನ ಮಗಳಿಲ್ಲ. ನಾನು ಅವತ್ತು ಅದೇ ಸಾಲಿನಲ್ಲಿ ನಿಂತಿದ್ದೆ, ಅದನ್ನು ನಾನು ಯಾರ ಮೇಲೆ ಕೂಗಿ ತೀರಿಸಿಕೊಳ್ಳಲಿ?

"ನಿನ್ನ ಅಕ್ಕನ ಮುಖ ಇಷ್ಟು ಸರಿಯಾಗಿ ಹೇಗೆ ಬಂತು?" ಎಂದು ಕೇಳಿದೆ.

ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ದೊಡ್ಡಮ್ಮನ ಮನೇಲಿ ಎಷ್ಟೊತ್ತು ನೋಡ್ತಾ ನಿಂತಿದ್ದೀನಿ."